ಕುಂಕುಮ, ಅರಿಶಿನ, ನೀಲಿ: ಒಂದು ಭಾನುವಾರದ ವೋಲ್ಟೇಜು

ಆಗುವುದಿಲ್ಲ ಎಂದವರ ಹೆಸರನ್ನು ಮೊದಲು ಬರೆದುಬಿಡುತ್ತೇನೆ. ಒಬ್ಬರು ನಮ್ಮ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಶ್ರೀಕಂಠಯ್ಯನವರು. ಇನ್ನೊಬ್ಬರು ನನ್ನ ಸ್ವಂತ ದೊಡ್ಡಪ್ಪ, ಮರಿಯಪ್ಪ.

ಶ್ರೀಕಂಠಯ್ಯನವರು ಅಂದದ್ದು ಇಷ್ಟು: "ರಾಜಾಜಿನಗರದಿಂದ ಈಚೆಗೆ ಸಂಜೆ ಏಳರ ಮೇಲೆ ಟ್ಯೂಬ್‌ಲೈಟೇ ಹತ್ತಲ್ಲ. ಇಲ್ಲಿ ಕರೆಂಟ್ ಮೇಲೆ ಸಂಗೀತ ಮಾಡ್ತಾರಂತೆ!" ದೊಡ್ಡಪ್ಪ ಅಂದದ್ದು ಅದಕ್ಕೂ ಎಷ್ಟೋ ವರ್ಷ ಮೊದಲು, ನಾನು ಸಂಜೆ ಕಾಲೇಜಿಗೆ ಅರ್ಜಿ ಹಾಕಿದ ದಿನ, ನಮ್ಮ ಜಗಲಿಯ ಮೇಲೆ ಕೂತು: "ಗುಂಡಿ ತೋಡೋನ ಮಗಳು ಇಂಜಿನಿಯರ್ ಆದ್ರೂ, ಅವಳು ಸಹಿ ಹಾಕಿದ ಕಾಗದಾನ ಯಾರು ನಂಬ್ತಾರೋ?" ಆ ಮಾತನ್ನು ನನಗೆ ಹೇಳಿರಲಿಲ್ಲ, ನನ್ನ ಅಪ್ಪನಿಗೆ ಹೇಳಿದ್ದರು. ಅಪ್ಪ ಎದ್ದು ಕೆಲಸಕ್ಕೆ ಹೋದ.

ಅಪ್ಪನ ಕೆಲಸ ವಿದ್ಯುತ್ ಕಂಬಗಳಿಗೆ ಗುಂಡಿ ತೋಡುವುದು. ಗ್ಯಾಂಗ್‌ಮ್ಯಾನ್ ಎನ್ನುತ್ತಿದ್ದರು. ಬಸವೇಶ್ವರನಗರ ಇನ್ನೂ ಬಡಾವಣೆಯಾಗಿ ಕಣ್ಣು ಬಿಡುತ್ತಿದ್ದಾಗ ಅಲ್ಲಿನ ಅರ್ಧದಷ್ಟು ಕಂಬಗಳನ್ನು ನೆಟ್ಟ ಗುಂಪಿನಲ್ಲಿ ಅಪ್ಪ ಇದ್ದ. ಮನೆ ಕುರುಬರಹಳ್ಳಿಯಲ್ಲಿ. ನಾನು ಹಗಲು ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದುಕೊಂಡು, ಸಂಜೆ ಬಿ.ಇ. ಓದಿ, ಎರಡು ಸಲ ಗಣಿತದಲ್ಲಿ ನಪಾಸಾಗಿ, ಮೂರನೆಯ ಸಲ ಪಾಸಾಗಿ, ನಮ್ಮ ವಂಶದಲ್ಲೇ ಮೊದಲ ಪದವೀಧರೆಯಾದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ನಿವೃತ್ತನಾಗಿ ಸ್ವಲ್ಪ ಕಾಲಕ್ಕೆ, 1986ರಲ್ಲಿ, ಅದೇ ಬಸವೇಶ್ವರನಗರದ ಸೆಕ್ಷನ್ ಆಫೀಸಿಗೆ ಜೂನಿಯರ್ ಎಂಜಿನಿಯರ್ ಆಗಿ ನನ್ನನ್ನು ಹಾಕಿದರು. ಹೆಂಗಸನ್ನು ಫೀಲ್ಡಿಗೆ ಹಾಕಿದ್ದಾರೆಂದು ಲೈನ್‌ಮ್ಯಾನ್‌ಗಳು ಮೊದಲ ವಾರ ನನ್ನ ಮುಂದೆ ಬೀಡಿ ಸೇದಲಿಲ್ಲ. ಎರಡನೆಯ ವಾರದಿಂದ ಸೇದಿದರು. ಆಗಲೇ ನನಗೆ ಸಮಾಧಾನವಾದದ್ದು.

ಒಂದು ಬೆಳಿಗ್ಗೆ ಶ್ರೀಕಂಠಯ್ಯನವರು ತಪಾಸಣೆಗೆಂದು ಬಂದು ನನ್ನ ಕುರ್ಚಿಯಲ್ಲಿ ಕೂತಿದ್ದರು. ಬಾಗಿಲಲ್ಲಿ ಇಬ್ಬರು ನಿಂತರು. ಒಬ್ಬಳು ವಿಮಲಾ, ಕೈಗಾರಿಕಾ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಸಾಲ್ಡರಿಂಗ್ ಮಾಡುವ ಹುಡುಗಿ. ಇನ್ನೊಬ್ಬ ಸೆಲ್ವ, ಅದೇ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದವನು. ಆಟವಾಡುವ ಮೈದಾನಕ್ಕೆ ಎರಡು ಭಾನುವಾರಗಳ ಮಟ್ಟಿಗೆ ತಾತ್ಕಾಲಿಕ ಸಂಪರ್ಕ ಬೇಕೆಂದು ಅರ್ಜಿ ತಂದಿದ್ದರು.

"ಏನು ಕಾರ್ಯಕ್ರಮ?" ಎಂದರು ಶ್ರೀಕಂಠಯ್ಯನವರು.

"ನಮ್ಮ ಬ್ಯಾಂಡ್ ಸಾರ್. ಮಿಣುಕು ಅಂತ," ಎಂದಳು ವಿಮಲಾ.

"ಬ್ಯಾಂಡ್ ಅಂದ್ರೆ ಇಬ್ಬರೇನಮ್ಮ? ಮಿಕ್ಕವರೆಲ್ಲಿ?"

"ಮಿಕ್ಕವರೆಲ್ಲ ಪೆಟ್ಟಿಗೆ ಒಳಗಿದಾರೆ ಸಾರ್," ಎಂದ ಸೆಲ್ವ. "ತಬಲದವನು, ಪಿಟೀಲಿನವನು, ಎಲ್ಲ. ಊಟ ಕೇಳಲ್ಲ, ಕರೆಂಟ್ ಒಂದೇ ಕೇಳೋದು."

ಅದು ನಿಜವಾಗಿತ್ತು. ಹಳೆಯ ಹಾರ್ಮೋನಿಯಂ ಒಂದರ, ಬೆರಳಿಂದ ಒತ್ತುವ ಮನೆಗಳನ್ನು ತೆಗೆದು, ಅದರಡಿ ಸರ್ಕ್ಯೂಟ್ ಬೋರ್ಡು ಜೋಡಿಸಿ, ವಾಲ್ವ್ ರೇಡಿಯೊದ ಮರದ ಪೆಟ್ಟಿಗೆಯೊಳಗೆ ಕೂರಿಸಿ, ಇವರೇ ಒಂದು ಸಿಂಥಸೈಜರ್ ಮಾಡಿಕೊಂಡಿದ್ದರು. ಅಂದರೆ ಕರೆಂಟಿನಿಂದಲೇ ಸ್ವರ ಹುಟ್ಟಿಸುವ ವಾದ್ಯ. ತಾಳಕ್ಕೆ ಬೇರೊಂದು ಡಬ್ಬಿ. ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ನುಡಿಸಿದ್ದರು, ಎರಡು ಕಾಲೇಜುಗಳಲ್ಲಿ ನುಡಿಸಿದ್ದರು, ಹುಡುಗರು ಕೂಗಾಡಿ ಮತ್ತೆ ಮತ್ತೆ ಹಾಡಿಸಿದ್ದರು. ಆ ಗಲಾಟೆಯ ಸುದ್ದಿ ಊರೊಳಗಿನ ಒಂದು ದೊಡ್ಡ ಸಭಾಂಗಣದವರೆಗೂ ಹೋಗಿ, ಹೊಸ ತಂಡಗಳ ಮೇಳಕ್ಕೆ ಕರೆ ಬಂದಿತ್ತು. ಆದರೆ ಅವರದೊಂದು ಷರತ್ತು. ಮನೆಯಲ್ಲಿ ಮಾಡಿದ ಉಪಕರಣ ನಮ್ಮ ವೇದಿಕೆಯಲ್ಲಿ ಸುಟ್ಟುಹೋದರೆ ಯಾರು ಹೊಣೆ? ಬೀದಿಯ ಕರೆಂಟಿನಲ್ಲಿ ಎರಡು ಗಂಟೆ ತಡೆಯಿಲ್ಲದೆ ನಡೆಸಿ ತೋರಿಸಿ, ವಿದ್ಯುತ್ ಎಂಜಿನಿಯರ್ ಒಬ್ಬರು ಪರೀಕ್ಷಿಸಿ ಸಹಿ ಮಾಡಿದ ಪ್ರಮಾಣಪತ್ರ ತನ್ನಿ. ಎರಡನೆಯ ಭಾನುವಾರದ ನಂತರ ಬರುವ ಮಂಗಳವಾರವೇ ಕೊನೆಯ ದಿನ. ಇಲ್ಲದಿದ್ದರೆ ನಿಮ್ಮ ಜಾಗಕ್ಕೆ ಬೇರೆ ತಂಡ.

ಶ್ರೀಕಂಠಯ್ಯನವರು ಟ್ಯೂಬ್‌ಲೈಟಿನ ಆ ಮಾತು ಆಡಿದ್ದು ಆಗಲೇ. "ಏನಾದ್ರೂ ಸುಟ್ಟು ನಮ್ಮ ತಲೆಗೆ ಬರುತ್ತೆ. ಇಂಥದಕ್ಕೆ ಸಹಿ ಹಾಕ್ಬೇಡಿ ಪುಟ್ಟಲಕ್ಷ್ಮಿ. ಆಗದ ಕೆಲಸ."

ವಿಮಲಾ ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ಹಾಗೆ ಬಾಗಿಲಲ್ಲಿ ಅರ್ಜಿ ಹಿಡಿದು ನಾನೂ ನಿಂತವಳೇ. ತಾತ್ಕಾಲಿಕ ಸಂಪರ್ಕವನ್ನು ಪರೀಕ್ಷಿಸಿ, ಕಂಡದ್ದನ್ನು ಕಂಡಂತೆ ಬರೆದುಕೊಡುವುದು ಸೆಕ್ಷನ್ ಅಧಿಕಾರಿಯ ಕೆಲಸ. ಅದಕ್ಕೆ ಮೇಲಿನವರ ಅಪ್ಪಣೆ ಬೇಕಿಲ್ಲ.

"ಅರ್ಜಿ ಇಲ್ಲಿಟ್ಟು ಹೋಗಮ್ಮ. ಪಾಸಾದ್ರೆ ಪಾಸು ಅಂತ ಬರೀತೀನಿ, ಫೇಲಾದ್ರೆ ಫೇಲು ಅಂತ ಬರೀತೀನಿ," ಎಂದೆ.

ಶ್ರೀಕಂಠಯ್ಯನವರು ನನ್ನ ಕುರ್ಚಿಯಿಂದ ಎದ್ದರು. "ನಾನೂ ಬಂದು ನೋಡ್ತೀನಿ," ಎಂದು ಹೋದರು.

ಮೊದಲು ವಾದ್ಯವನ್ನು ಪರೀಕ್ಷಿಸಿದೆ. ಮೆಗ್ಗರ್ ಎಂಬ ಉಪಕರಣವಿದೆ. ತಂತಿಯ ಮೇಲಿನ ಹೊದಿಕೆ ಗಟ್ಟಿಯಾಗಿದೆಯೇ, ಕರೆಂಟು ಎಲ್ಲಾದರೂ ಹೊರಗೆ ಜಿನುಗುತ್ತಿದೆಯೇ ಎಂದು ಅದು ಹೇಳುತ್ತದೆ. ಎಲ್ಲೂ ಜಿನುಗುತ್ತಿರಲಿಲ್ಲ. ಅರ್ಥಿಂಗ್ ನಾನೇ ಕೂತು ಮಾಡಿಸಿದೆ. ವಿಮಲಾಳ ಸಾಲ್ಡರಿಂಗ್ ಎಂಥದ್ದೆಂದರೆ, ಒಂದೊಂದು ಬೆಸುಗೆಯೂ ಒಂದೇ ಅಳತೆಯ ಮಣಿ. ತೊಂದರೆ ಇದ್ದದ್ದು ಒಂದೇ. ವೋಲ್ಟೇಜು ನೂರ ತೊಂಬತ್ತಕ್ಕಿಂತ ಕೆಳಗಿಳಿದರೆ ಸ್ವರವೂ ಅದರ ಜೊತೆ ಕೆಳಗೆ ಜಾರುತ್ತಿತ್ತು. ಟಿವಿಗೆ ಇಡುವ ಸ್ಟೆಬಿಲೈಜರ್ ಇಟ್ಟು ನೋಡಿದೆವು. ಅದು ಕಟಕ್ ಎಂದಾಗಲೆಲ್ಲ ತಾಳದ ಡಬ್ಬಿ ಎಲ್ಲವನ್ನೂ ಮರೆತು ಮೊದಲ ಮಾತ್ರೆಗೆ ಹೋಗಿ ನಿಲ್ಲುತ್ತಿತ್ತು. ಹೀಗಾಗಿ ಬೀದಿಯ ವೋಲ್ಟೇಜೇ ಸರಿಯಿರಬೇಕಿತ್ತು.

ಇಲ್ಲಿ ಒಂದು ವಿಷಯ ವಿವರಿಸಬೇಕು. ಟ್ರಾನ್ಸ್‌ಫಾರ್ಮರ್‌ನಿಂದ ಬೀದಿಗೆ ಮೂರು ತಂತಿಗಳಲ್ಲಿ ಕರೆಂಟು ಬರುತ್ತದೆ. ಒಂದೊಂದನ್ನೂ ಫೇಸ್ ಎನ್ನುತ್ತೇವೆ. ಕೆಂಪು, ಹಳದಿ, ನೀಲಿ ಎಂದು ಹೆಸರು. ನಮ್ಮ ಬಡಾವಣೆಯ ಎಷ್ಟೋ ಮನೆಗಳಿಗೆ ಮೂರೂ ಫೇಸ್ ಇತ್ತು, ಮೀಟರ್ ಬೋರ್ಡಿನ ಪಕ್ಕ ಒಂದು ತಿರುಗಿಸುವ ಗುಬ್ಬಿಯಿತ್ತು. ದೀಪ ಮಂಕಾದರೆ ಗುಬ್ಬಿ ತಿರುಗಿಸಿ ಚೆನ್ನಾಗಿರುವ ಫೇಸಿಗೆ ಹೋಗುವುದು. ಪಶ್ಚಿಮ ಬೆಂಗಳೂರಿನಲ್ಲಿ ಆಗ ಇದು ಬಾಗಿಲ ಅಗುಳಿ ಹಾಕುವಷ್ಟೇ ಸಹಜವಾದ ಅಭ್ಯಾಸ.

ಮೊದಲ ಭಾನುವಾರ ಸಂಜೆ ಆರಕ್ಕೆ ಮೈದಾನದ ಬೋರ್ಡಿನಲ್ಲಿ ಅಳೆದೆ. ಕೆಂಪು ನೂರ ಎಪ್ಪತ್ತೆರಡು, ನೀಲಿ ನೂರ ಎಂಬತ್ತೊಂದು, ಹಳದಿ ಇನ್ನೂರ ಹದಿನಾಲ್ಕು. ಓದಿದ ಎಂಜಿನಿಯರ್ ಏನು ಮಾಡುತ್ತಾಳೋ ಅದನ್ನೇ ಮಾಡಿದೆ. ಬ್ಯಾಂಡಿಗೆ ಹಳದಿ ಕೊಟ್ಟೆ. ಅದು ಇನ್ನೂ ಚೆನ್ನಾಗಿರಲೆಂದು ಹಳದಿಯ ಮೇಲಿದ್ದ ಬೀದಿದೀಪಗಳನ್ನು ಕೆಂಪಿಗೆ ಬದಲಿಸಲು ನಮ್ಮ ಲೈನ್‌ಮ್ಯಾನ್ ಖಾದರ್ ಸಾಬರಿಗೆ ಹೇಳಿದೆ. ಹಳದಿ ಇನ್ನೂರ ಇಪ್ಪತ್ತೆರಡಕ್ಕೆ ಏರಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಜನ ಸೇರಿದ್ದರು. ಪೆಟ್ಟಿಗೆ ಒಳಗಿನ ತಬಲದವನು, ಪಿಟೀಲಿನವನ ಮಾತನ್ನು ಸೆಲ್ವ ಅವರಿಗೂ ಹೇಳಿ ನಗಿಸಿದ. ವಿಮಲಾ ತಮ್ಮದೇ ಒಂದು ಹಾಡು ಶುರು ಮಾಡಿದಳು, ಕಾರ್ಖಾನೆಯ ಬೆಳಗಿನ ಪಾಳಿಯ ಬಗ್ಗೆ. ನಡುವೆ ಸೈರನ್ನಿನಂತೆ ಒಂದು ಸ್ವರ ಮೇಲಕ್ಕೇರಿ ನಿಲ್ಲಬೇಕು. ಅಷ್ಟು ಹೊತ್ತಿಗೆ ಟಿವಿಯಲ್ಲಿ ಭಾನುವಾರದ ಸಿನಿಮಾ ಶುರುವಾಯಿತು. ಮನೆಮನೆಯಲ್ಲೂ ಚಿತ್ರ ಕುಗ್ಗಿತು, ಮನೆಮನೆಯಲ್ಲೂ ಗುಬ್ಬಿ ತಿರುಗಿತು. ಎಲ್ಲಿಗೆ? ಅತ್ಯಂತ ಚೆನ್ನಾಗಿದ್ದ ಹಳದಿಗೆ. ಹಳದಿ ನೂರ ಐವತ್ತೆಂಟಕ್ಕೆ ಬಿತ್ತು. ಮೇಲೇರಬೇಕಿದ್ದ ಸೈರನ್ನು, ಗಾಳಿ ಹೋದ ಸೈಕಲ್ ಟ್ಯೂಬಿನ ಹಾಗೆ ಊಂ... ಎಂದು ಕೆಳಗಿಳಿಯಿತು. ಮೈದಾನಕ್ಕೆ ಮೈದಾನವೇ ನಕ್ಕಿತು.

"ಮಚ್ಚಾ, ನಿನ್ ಪಿಟೀಲಿನವನು ಪೆಟ್ಟಿಗೆ ಒಳಗೆ ನಿದ್ದೆ ಹೋದ್ನಾ?" ಎಂದು ಯಾರೋ ಕೂಗಿದರು.

"ಕೆಂಪಿಗೆ ಹಾಕಿ ಮೇಡಂ, ಕೆಂಪಿಗೆ!" ಎಂದ ಸೆಲ್ವ. ಖಾದರ್ ಸಾಬರು ಕೆಂಪಿಗೆ ಹಾಕಿದರು. ಎಲ್ಲರೂ ಬಿಟ್ಟು ಹೋಗಿದ್ದರಿಂದ ಅದು ಚೆನ್ನಾಗಿತ್ತು. ಹತ್ತು ನಿಮಿಷ. ಆಮೇಲೆ ಊರೆಲ್ಲ ಅಲ್ಲಿಗೂ ಬಂತು. ನೀಲಿಗೆ ಓಡಿದೆವು, ಅಲ್ಲಿಗೂ ಬಂತು. ಮೂರು ಸಲ ಹಾಡು ಶುರುವಾಗಿ ಮೂರು ಸಲವೂ ಸತ್ತಿತು.

ಶ್ರೀಕಂಠಯ್ಯನವರು ಹಿಂದೆ ಕೈಕಟ್ಟಿ ನಿಂತಿದ್ದರು. "ಬರೀರಿ ಈಗ, ಫೇಲು ಅಂತ," ಎಂದಷ್ಟೇ ಹೇಳಿ ಸ್ಕೂಟರ್ ಹತ್ತಿದರು. ವಿಮಲಾ ವಾದ್ಯದ ಮೇಲೆ ಬಟ್ಟೆ ಹೊದಿಸುತ್ತಿದ್ದಳು. ಅಳುತ್ತಿರಲಿಲ್ಲ. ಮುಖ ನನಗೆ ಕಾಣದಿರಲೆಂದು ಬಗ್ಗಿ ಬಟ್ಟೆಯ ಅಂಚನ್ನು ಬೇಕಿಲ್ಲದಷ್ಟು ಸಲ ಸರಿಮಾಡುತ್ತಿದ್ದಳು.

ಅಪ್ಪ ಕುರುಬರಹಳ್ಳಿಯಿಂದ ನಡೆದು ಬಂದು ಕಂಬಕ್ಕೊರಗಿ ಎಲ್ಲವನ್ನೂ ನೋಡಿದ್ದ. ವಾಪಸ್ಸು ಹೋಗುವಾಗ ದಾರಿಯಲ್ಲಿ ಹೇಳಿದ: "ನೀನು ಚೆನ್ನಾಗಿರೋ ಫೇಸ್ ಹುಡುಕ್ತಿದ್ದೆ ಪುಟ್ಟಿ. ಈ ಊರಲ್ಲಿ ಎಲ್ರೂ ಹುಡುಕೋದು ಅದನ್ನೇ. ಕಂಬ ಹೊರುವಾಗ ಎಲ್ರೂ ಹಗುರ ಇರೋ ಕಡೆಗೇ ಹೆಗಲು ಕೊಟ್ರೆ ಕಂಬ ಏನಾಗುತ್ತೆ ಹೇಳು?"

"ಬೀಳುತ್ತೆ."

"ಅದಕ್ಕೇ ಮೇಸ್ತ್ರಿ ಮೊದಲೇ ಹೇಳ್ಬಿಡ್ತಿದ್ದ, ಯಾರು ಎಲ್ಲಿ ಅಂತ. ಆಮೇಲೆ ಜಾಗ ಬಿಡಂಗಿಲ್ಲ."

ಆರು ವರ್ಷದ ಸಂಜೆ ಕಾಲೇಜು ನನಗೆ ಲೋಡ್ ಬ್ಯಾಲೆನ್ಸಿಂಗ್ ಎಂದು ಕಲಿಸಿದ್ದು ಇದನ್ನೇ. ಆದರೆ ಪುಸ್ತಕದಲ್ಲಿ ಅದು ತಂತಿಗಳ ಲೆಕ್ಕ. ಇಲ್ಲಿ ಅದು ಮನೆಗಳ ಲೆಕ್ಕ. ಬೀದಿಗೆ ಬೇಕಾದ ಒಟ್ಟು ಕರೆಂಟು ಇದ್ದೇ ಇತ್ತು. ಎಲ್ಲರೂ ಅತ್ತಿಂದಿತ್ತ ಓಡದೆ ಮೂರು ಪಾಲಾಗಿ ನಿಂತರೆ ಮೂರೂ ಫೇಸ್ ಸಾಕಷ್ಟು ಮೇಲಿರುತ್ತವೆ. ನಿಲ್ಲಿಸುವುದು ಹೇಗೆ?

ಸೋಮವಾರದಿಂದ ಶನಿವಾರದವರೆಗೆ, ಆಫೀಸು ಮುಗಿದ ಮೇಲೆ, ನಾನು, ಖಾದರ್ ಸಾಬರು, ಅಪ್ಪ, ಆ ಟ್ರಾನ್ಸ್‌ಫಾರ್ಮರ್‌ನ ಪ್ರತಿಯೊಂದು ಮನೆಯ ಬಾಗಿಲು ತಟ್ಟಿದೆವು. ಪಾಳಿ ಬಿಟ್ಟ ದಿನ ವಿಮಲಾ, ಸೆಲ್ವ ಸೇರಿಕೊಂಡರು. ಭಾನುವಾರ ಸಂಜೆ ಆರರಿಂದ ಎಂಟೂವರೆವರೆಗೆ ಗುಬ್ಬಿಯನ್ನು ನಾವು ಹೇಳಿದ ಕಡೆಗೆ ಇಡಬೇಕು, ದೀಪ ಹೇಗೇ ಇರಲಿ ಮುಟ್ಟಬಾರದು. ಕೇಳಿದ್ದು ಇಷ್ಟೇ. ಬೈಸಿಕೊಂಡದ್ದು ಬೇಕಾದಷ್ಟು.

"ಅಲ್ಲಮ್ಮ, ಯಾರೋ ಕುಯ್ಯೋ ಅನ್ನಿಸೋಕೆ ನಾವು ಸಿನಿಮಾ ಬಿಡಬೇಕಾ?" ಎಂದರು ಎರಡನೆಯ ಮುಖ್ಯರಸ್ತೆಯ ಸರೋಜಮ್ಮನವರು.

"ಬಿಡಬೇಡಿ ಆಂಟಿ. ನೀವು ಮುಟ್ಟದೇ ಇದ್ರೆ ಚಿತ್ರ ಇನ್ನೂ ಚೆನ್ನಾಗಿ ಕಾಣುತ್ತೆ. ಕಾಣದೇ ಇದ್ರೆ ಸೋಮವಾರ ಆಫೀಸಿಗೆ ಬಂದು ನನ್ನನ್ನ ಬೈಯಿರಿ."

"ಬೈಯೋಕೆ ಅಲ್ಲಿವರೆಗೂ ಯಾಕೆ ಬರಲಿ, ಇಲ್ಲೇ ಬೈತೀನಿ," ಎಂದರು. ಆದರೆ ಬಾಗಿಲು ಹಾಕಲಿಲ್ಲ. ಮೀಟರ್ ಬೋರ್ಡಿನ ಮೇಲೆ ಕೆಂಪು, ಹಳದಿ ಎಂದು ಚೀಟಿ ಅಂಟಿಸಲು ಹೋದೆ. ಅವರು ತಡೆದರು. "ಚೀಟಿ ಯಾರು ಓದ್ತಾರೆ? ನಮ್ಮತ್ತೆಗೆ ಕಣ್ಣು ಬೇರೆ ಮಂಜು. ತಡಿ." ದೇವರ ಮನೆಗೆ ಹೋಗಿ ಅರಿಶಿನದ ಬಟ್ಟಲು ತಂದು, ಗುಬ್ಬಿ ನಿಲ್ಲಬೇಕಾದ ಜಾಗದಲ್ಲಿ ಬೆರಳಿಂದ ಒಂದು ಬೊಟ್ಟು ಇಟ್ಟರು. "ಇನ್ನು ಇದನ್ನ ಯಾರು ಮುಟ್ತಾರೆ ನೋಡ್ತೀನಿ."

ನನಗೆ ತೋಚದ್ದು ಅವರಿಗೆ ತೋಚಿತ್ತು. ಮುಂದೆ ಕೆಂಪಿನ ಮನೆಗಳಲ್ಲಿ ಕುಂಕುಮ, ಹಳದಿಯ ಮನೆಗಳಲ್ಲಿ ಅರಿಶಿನ, ನೀಲಿಯ ಮನೆಗಳಲ್ಲಿ ಬಿಳಿ ಬಟ್ಟೆಗೆ ಹಾಕುವ ನೀಲಿ. ಬೊಟ್ಟಿಟ್ಟದ್ದು ಆಯಾ ಮನೆಯ ಹೆಂಗಸರು. ಬೊಟ್ಟಿಟ್ಟ ಮೇಲೆ ಆ ಗುಬ್ಬಿ ಅವರದಾಯಿತು.

ಕೊನೆಯ ಅಡ್ಡರಸ್ತೆಯ ಒಬ್ಬ ಯಜಮಾನರು ಮಾತ್ರ ಗೇಟು ತೆಗೆಯಲಿಲ್ಲ. ಅಪ್ಪನನ್ನು ಗುರುತು ಹಿಡಿದು, "ಇವನು ನಮ್ಮನೆ ಮುಂದೆ ಗುಂಡಿ ತೋಡ್ತಿದ್ದೋನಲ್ವಾ? ಈಗ ನಮಗೆ ಕರೆಂಟಿನ ಪಾಠ ಹೇಳೋಕೆ ಬಂದನಾ?" ಎಂದರು.

ಅಪ್ಪ ತಲೆ ತಗ್ಗಿಸಿದ. ನಾನು ತಗ್ಗಿಸಲಿಲ್ಲ. "ಹೌದು ಸಾರ್, ಅವರೇ. ಅವರು ನೆಟ್ಟ ಕಂಬ ಇವತ್ತಿಗೂ ನೆಟ್ಟಗಿದೆ, ತಿರುಗಿ ನೋಡಿ. ಪಾಠ ಹೇಳೋಕೆ ಬಂದಿರೋದು ನಾನು, ಅವರ ಮಗಳು," ಎಂದೆ. ಅವರು ನಿಜಕ್ಕೂ ಕಂಬದ ಕಡೆ ನೋಡಿದರು. ಗೇಟು ತೆಗೆಯಲಿಲ್ಲ. ಆದರೆ ಒಳಗಿಂದ ಅವರ ಸೊಸೆ, "ನಮ್ಮದು ಯಾವ ಬಣ್ಣ ಮೇಡಂ?" ಎಂದು ಕೇಳಿದಳು.

ಶುಕ್ರವಾರ ಶ್ರೀಕಂಠಯ್ಯನವರು ಕರೆಸಿದರು. "ಇಲಾಖೆ ಇಂಜಿನಿಯರ್ ಮನೆಮನೆಗೆ ಹೋಗಿ ಬೊಟ್ಟು ಇಡಿಸ್ತಿದ್ದಾಳಂತೆ. ಮೆಮೊ ಕೊಡಬೇಕಾಗುತ್ತೆ."

"ಕೊಡಿ ಸಾರ್. ಬರವಣಿಗೆಯಲ್ಲೇ ಉತ್ತರ ಕೊಡ್ತೀನಿ. ಭಾನುವಾರದ ರೀಡಿಂಗ್ ಜೊತೆಗೇ ಕೊಡ್ತೀನಿ," ಎಂದೆ.

ಎರಡನೆಯ ಭಾನುವಾರ ಹೋದ ವಾರದ ಎರಡರಷ್ಟು ಜನ. ಅರ್ಧ ಮಂದಿ ಮತ್ತೆ ನಗಲೆಂದೇ ಬಂದವರು. ಆರೂವರೆಗೆ ಹಾಡು ಶುರುವಾಯಿತು. ಕೆಂಪು ಇನ್ನೂರ ಏಳು, ಹಳದಿ ಇನ್ನೂರ ಐದು, ನೀಲಿ ಇನ್ನೂರ ಒಂಬತ್ತು. ಈ ಸಲ ನಾನು ಚೆನ್ನಾಗಿರುವುದನ್ನು ಆರಿಸಲಿಲ್ಲ. ಬ್ಯಾಂಡಿಗೆ ಹಳದಿಯನ್ನೇ ಕೊಟ್ಟೆ, ಸರೋಜಮ್ಮನವರ ಅರಿಶಿನವನ್ನು ನಂಬಿ.

ಸಿನಿಮಾದ ಹೊತ್ತಾಯಿತು. ವೋಲ್ಟ್‌ಮೀಟರಿನ ಮುಳ್ಳು ಇನ್ನೂರ ಎರಡಕ್ಕೆ ಇಳಿದು ನಿಂತಿತು. ಆಮೇಲೆ ನೂರ ತೊಂಬತ್ತೇಳು. ನೂರ ತೊಂಬತ್ತಮೂರು. ಯಾರೋ ಗುಬ್ಬಿ ಮುಟ್ಟಿದ್ದರು. ನನ್ನ ಮುಖ ನೋಡಿಯೇ ಸರೋಜಮ್ಮನವರಿಗೆ ಅರ್ಥವಾಯಿತೇನೋ. ಜನರ ನಡುವೆ ಎದ್ದು ನಿಂತು ಗಂಡನಿಗೆ ಎಲ್ಲರಿಗೂ ಕೇಳುವಂತೆ, "ರೀ, ಹಿಂದಿನ ಬೀದಿಗೆ ಹೋಗಿ, ಕುಂಕುಮದ ಮನೆಯವರು ಯಾರು ಅರಿಶಿನಕ್ಕೆ ಬಂದಿದ್ದಾರೆ ನೋಡಿ ಬನ್ನಿ!" ಎಂದರು. ಜನ ಹೋ ಎಂದರು. ಅವರ ಗಂಡ ಮೈದಾನದ ಅಂಚು ಮುಟ್ಟುವ ಮೊದಲೇ, ತಮ್ಮ ಮನೆಯವರದೇ ಕೆಲಸವಿರಬೇಕೆಂದು ಮುಂದಿನ ಸಾಲಿನಿಂದ ಇಬ್ಬರು ಮೆಲ್ಲಗೆ ಎದ್ದು ಮನೆ ಕಡೆ ಓಡಿದರು. ಮುಳ್ಳು ಮೇಲೆ ಬಂತು. ನೂರ ತೊಂಬತ್ತೆಂಟು. ಇನ್ನೂರ ನಾಲ್ಕು.

ಆಗ ಆ ಸೈರನ್ನಿನ ಸ್ವರ ಬಂತು. ಏರಿತು, ಏರಿತು, ಮೇಲೆ ಹೋಗಿ ನಿಂತಿತು. ವಿಮಲಾ ಬೆರಳೆತ್ತಲಿಲ್ಲ. ಮೈದಾನದಲ್ಲಿ ಒಬ್ಬರೂ ನಗಲಿಲ್ಲ. ಅದುವರೆಗೆ ನಾನು ಕೇಳಿದ ಸಂಗೀತವೆಂದರೆ ರಾಮನವಮಿ ಪೆಂಡಾಲಿನದು, ಮದುವೆಯ ಓಲಗದ್ದು. ಇದು ನಮ್ಮ ಕಾರ್ಖಾನೆಗಳ ಸದ್ದು, ಪಾಳಿ ಬಿಟ್ಟು ಬಸ್ಸಿಗೆ ಓಡುವವರ ಸದ್ದು, ಆದರೆ ತಲೆಯೆತ್ತಿ ನಿಂತ ಸದ್ದು. ಸೆಲ್ವ ತಾಳದ ಡಬ್ಬಿಯ ವೇಗ ಏರಿಸಿದ. ಹುಡುಗರು ಎದ್ದು ಕುಣಿದರು. "ಇನ್ನೊಂದ್ಸಲ ಗುರು!" ಎಂದು ಕೂಗಿದವನ ದನಿ ಹೋದ ವಾರ ಪಿಟೀಲಿನವನ ನಿದ್ದೆಯ ಬಗ್ಗೆ ಕೂಗಿದವನದೇ. ನಾನು ಮಾತ್ರ ಇಡೀ ಸಂಗೀತ ಕಚೇರಿಯನ್ನು ಬೋರ್ಡಿನ ಮುಂದೆಯೇ ನಿಂತು ನೋಡಿದೆ. ಪ್ರತಿ ಪೆಟ್ಟಿಗೂ ಆಂಪಿಯರ್ ಮೀಟರಿನ ಮುಳ್ಳು ಚೂರು ಕುಣಿಯುತ್ತಿತ್ತು. ಅಪ್ಪ ನನ್ನ ಪಕ್ಕದಲ್ಲಿ ಆ ಮುಳ್ಳನ್ನೇ ನೋಡುತ್ತ, ತನಗೇ ಗೊತ್ತಿಲ್ಲದಂತೆ ಬರಿಗಾಲಿನ ಹೆಬ್ಬೆರಳು ಆಡಿಸುತ್ತಿದ್ದ. ಎರಡು ಗಂಟೆ, ಎಲ್ಲೂ ತಡೆಯಿಲ್ಲ.

ಶ್ರೀಕಂಠಯ್ಯನವರು ಕೊನೆಯವರೆಗೂ ನಿಂತಿದ್ದರು. ಆಮೇಲೆ ಸ್ಕೂಟರ್ ಹತ್ತಿದರು. ಮೆಮೊ ಬರಲಿಲ್ಲ. ಒಂದು ತಿಂಗಳ ಮೇಲೆ ಬೇರೊಂದು ಸೆಕ್ಷನ್ನಿನವರು ಫೋನು ಮಾಡಿ, "ಅದೇನೋ ಬೊಟ್ಟಿನ ಪದ್ಧತಿಯಂತೆ, ಶ್ರೀಕಂಠಯ್ಯ ಸಾಹೇಬರು ನಿಮ್ಮನ್ನ ಕೇಳೋಕೆ ಹೇಳಿದ್ರು," ಎಂದರು. ಅಷ್ಟು ಸಾಕು.

ಮುಂದೆ ಎಷ್ಟೋ ಸಬ್‌ಸ್ಟೇಷನ್ನುಗಳಲ್ಲಿ ಕೆಲಸ ಮಾಡಿದೆ. ಈ ಕೆಲಸ ನನಗೆ ಕಲಿಸಿದ್ದು ಒಂದೇ. ಆಗುವುದಿಲ್ಲ ಎಂದು ಮೇಜಿನ ಹಿಂದೆ ಕೂತು ಹೇಳುವವನು ಅಳೆದು ನೋಡಿರುವುದಿಲ್ಲ. ಅಳೆದು ನೋಡಿ, ಬಾಗಿಲು ತಟ್ಟಿ, ಆಮೇಲೂ ಆಗದಿದ್ದರೆ ಆಗ ಬರೆಯಬೇಕು ಫೇಲು ಎಂದು. ಅದಕ್ಕೆ ಮೊದಲು ಬರೆಯುವ ಹಕ್ಕು ಯಾರಿಗೂ ಇಲ್ಲ.

ಆ ಭಾನುವಾರದ ಮರುದಿನ ಬೆಳಿಗ್ಗೆ ಪ್ರಮಾಣಪತ್ರವನ್ನು ನಾನೇ ಟೈಪ್ ಮಾಡಿದೆ. ಟೈಪಿಸ್ಟ್ ಆಗಿದ್ದ ಬೆರಳುಗಳು ಮರೆತಿರಲಿಲ್ಲ. ಪ್ರತಿ ಕಾಲು ಗಂಟೆಯ ರೀಡಿಂಗ್ ಹಾಕಿದೆ, ಕೆಳಗೆ ಸಹಿ, ಸಹಿಯ ಕೆಳಗೆ ಕೆ. ಪುಟ್ಟಲಕ್ಷ್ಮಿ, ಬಿ.ಇ. ವಿಮಲಾ ಪಾಳಿಗೆ ತಡವಾಗಿದ್ದರೂ ಕಾದಿದ್ದಳು. ಅವಳ ಕೈಗೆ ಕೊಟ್ಟೆ. ಸೆಲ್ವ ಇಣುಕಿ, "ಪೆಟ್ಟಿಗೆ ಒಳಗಿನವರಿಗೂ ಓದಿ ಹೇಳ್ತೀನಿ ಮೇಡಂ," ಎಂದ.

ಅಪ್ಪ ಬೆಂಚಿನ ಮೇಲೆ ಕೂತಿದ್ದ. ಅವನಿಗೆ ಓದಲು ಬರುವುದಿಲ್ಲ. ಕಾಗದವನ್ನು ವಿಮಲಾಳ ಕೈಯಲ್ಲೇ ಬಗ್ಗಿ ನೋಡಿದ, ಸಹಿಯ ಮೇಲೆ ಬೆರಳಿಡಲು ಹೋಗಿ, ಮಣ್ಣಾದೀತೆಂದು ಕೈ ಹಿಂತೆಗೆದುಕೊಂಡ. ಆಮೇಲೆ ನನ್ನ ಟೈಪ್‌ರೈಟರ್ ಕಡೆ ತಿರುಗಿದ.

"ಕಾರ್ಬನ್ ಇದ್ರೆ ಇನ್ನೊಂದು ಕಾಪಿ ತೆಗಿಯವ್ವ. ನಮ್ಮಣ್ಣಂಗೆ ಕೊಡ್ಬೇಕು."